ಇಂಗಳೇಶ್ವರದಲ್ಲಿ ನಿಂತ ಚುಕ್ಕಿ

ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತನಾಗಿ ಇಂಡಿಗೆ ಬಂದ ಮೇಲೂ ನಾನು ಬೆಳಿಗ್ಗೆ ಐದಕ್ಕೆ ಏಳುವುದನ್ನು ಬಿಡಲಿಲ್ಲ. ಹಾಸಿಗೆ ಸುತ್ತಿಡುವುದು, ಗಡ್ಡ ಹೆರೆಯುವುದು, ಹಿತ್ತಲಿನ ನಿಂಬೆಗಿಡಗಳಿಗೆ ನೀರು ಬಿಡುವುದು, ಆರಕ್ಕೆ ಸರಿಯಾಗಿ ರೇಡಿಯೊ ಮುಂದೆ ಕೂಡುವುದು. ಈ ಕ್ರಮ ಹಬ್ಬಕ್ಕೂ ಬದಲಾಗುತ್ತಿರಲಿಲ್ಲ, ಸೂತಕಕ್ಕೂ ಬದಲಾಗುತ್ತಿರಲಿಲ್ಲ.

ನನ್ನದು ಹವ್ಯಾಸಿ ರೇಡಿಯೊ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಸ್ವಂತ ಖರ್ಚಿನಲ್ಲಿ ಒಬ್ಬರೊಡನೊಬ್ಬರು ಮಾತಾಡುವವರ ಹವ್ಯಾಸ. ಈ ಭಾಗದಲ್ಲಿ ಆಗ ನಾವು ಬೆರಳೆಣಿಕೆಯ ಮಂದಿ. ಸಿಂದಗಿಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವನೊಬ್ಬ. ಬಸವನ ಬಾಗೇವಾಡಿಯಲ್ಲಿ ದವಾಖಾನೆ ನಡೆಸುತ್ತಿದ್ದ ಡಾಕ್ಟರೊಬ್ಬರು. ಮುದ್ದೇಬಿಹಾಳದಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಸಿಂದಗಿಯವನು ಅಲ್ಲಿನ ತನ್ನ ಬೀಗರ ಮನೆಯ ಮಾಳಿಗೆಯ ಮೇಲೆ ಒಂದು ಪೆಟ್ಟಿಗೆ ಇಟ್ಟು ಬಂದಿದ್ದ. ಅದು ತಾನು ಕೇಳಿದ್ದನ್ನು ಮತ್ತೆ ಗಾಳಿಗೆ ಬಿಡುತ್ತಿತ್ತು. ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ನನ್ನನ್ನು ಮಾತ್ರ ಎಲ್ಲರೂ ಸುಭೇದಾರ್ರ ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ನಮಗೆ ಹೊಸ ಹುಚ್ಚೊಂದು ಹತ್ತಿತು. ಓಡುವ ಗಾಡಿ ಈ ಕ್ಷಣ ಎಲ್ಲಿದೆ ಎಂಬುದನ್ನು ಮನೆಯಲ್ಲಿ ಕುಳಿತು ನೋಡುವುದು. ಗಾಡಿಯ ತಲೆಯ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಆ್ಯಂಟೆನಾ ಇಟ್ಟರೆ ಅದು ಆಕಾಶದಲ್ಲಿರುವ ಉಪಗ್ರಹಗಳಿಂದ ತಾನಿರುವ ಜಾಗದ ಅಕ್ಷಾಂಶ ರೇಖಾಂಶ ತಿಳಿದುಕೊಳ್ಳುತ್ತದೆ. ಕೆಳಗಿನ ಡಬ್ಬಿಯೊಳಗಿನ ಹಳೆಯ ಕೈರೇಡಿಯೊ ಆ ಅಂಕಿಗಳನ್ನು ಇನ್ನೊಂದು ಕಡ್ಡಿ ಆ್ಯಂಟೆನಾದಿಂದ ಹೊರಗೆ ಕಳಿಸುತ್ತದೆ. ನಮ್ಮ ಸೆಟ್ಟಿನಲ್ಲಿ ಅದು ಅರೆಕ್ಷಣದ ಚರಚರ ಸದ್ದಾಗಿ ಕೇಳಿಸುತ್ತದೆ. ಕಂಪ್ಯೂಟರು ಆ ಸದ್ದನ್ನು ಬಿಡಿಸಿ ನಕಾಶೆಯ ಮೇಲೆ ಒಂದು ಚುಕ್ಕಿ ಇಡುತ್ತದೆ. ಇಷ್ಟೇ.

ನಕಾಶೆ ಮಾತ್ರ ಸಿಕ್ಕಿರಲಿಲ್ಲ. ನಮ್ಮ ತಾಲೂಕುಗಳ ರಸ್ತೆಗಳು ಆ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ನಾನು ಮೋಟರ್‌ಸೈಕಲ್ ಮೇಲೆ ಯಂತ್ರವನ್ನು ಕಟ್ಟಿಕೊಂಡು ಝಳಕಿಯ ಹೆದ್ದಾರಿಯಿಂದ ಶುರು ಮಾಡಿ, ಭೀಮೆಯ ದಂಡೆಯ ದೇವಣಗಾಂವದವರೆಗೆ, ಈ ಕಡೆ ಬಾಗೇವಾಡಿ, ಮುದ್ದೇಬಿಹಾಳದವರೆಗೆ ಒಂದೊಂದು ಕ್ರಾಸಿನಲ್ಲೂ ನಿಂತು ಅಂಕಿ ತೆಗೆದುಕೊಂಡು ನಕಾಶೆಯನ್ನು ನಾನೇ ಎಳೆದೆ. ನಾನು ಓಡಿಸಿದ ರಸ್ತೆಗಳು ಮಾತ್ರ ಅದರಲ್ಲಿ ಇದ್ದವು. ಉಳಿದದ್ದೆಲ್ಲ ಖಾಲಿ.

ಹೆಂಡತಿ ಆ ಚರಚರ ಸದ್ದಿಗೆ ಒಗ್ಗರಣೆ ಎಂದು ಹೆಸರಿಟ್ಟಿದ್ದಳು. ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ರೀ, ನಿಮ್ಮ ಒಗ್ಗರಣಿ ಬಿತ್ತ ನೋಡ್ರಿ. ಯಾರದು ಗಾಡಿ?"

ಅವಳಿಗೆ ಲೈಸೆನ್ಸ್ ಇರಲಿಲ್ಲ, ಬೇಕೂ ಇರಲಿಲ್ಲ. ಆದರೆ ರೊಟ್ಟಿ ಬಡಿಯುತ್ತಲೇ ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಪರದೆಯ ಮುಂದೆ ಬಂದು ನಿಂತಳು. ಝಳಕಿಯ ಕಡೆ ಹೋಗುತ್ತಿದ್ದ ಪರಿಚಯದವರ ಲಾರಿಗೆ ಡಬ್ಬಿ ಕಟ್ಟಿದ್ದೆ. ಚುಕ್ಕಿಗಳು ದೂರದೂರ ಬೀಳುತ್ತಿದ್ದವು. ಹಿಂದಿನ ದಿನ ಸೈಕಲ್ಲಿಗೆ ಕಟ್ಟಿದಾಗ ಬಿದ್ದ ಚುಕ್ಕಿಗಳನ್ನೂ ತೋರಿಸಿದೆ. ಅವು ಹತ್ತಿರ ಇದ್ದವು.

"ನಡಿಯೋರ್ದು ಹೆಂಗ ಬೀಳತೈತ್ರಿ?" ಎಂದಳು.

ಸಂಜೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಸ್ಟೇಷನ್ ರಸ್ತೆಯವರೆಗೆ ನಡೆದುಹೋಗಿ ಬಂದೆ. ಪರದೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಬಗ್ಗಿ ನೋಡಿ, "ಹಂಗಾದ್ರ ಯಾವ ಗಾಡಿ, ಯಾವ ಮನಷ್ಯಾ ಅಂತ ನಿಮಗ ಕುಂತಲ್ಲೇ ತಿಳೀತೈತಿ" ಎಂದು ಒಳಗೆ ಹೋದಳು. ಅವಳು ಯಾಕೆ ಕೇಳಿದಳು ಎಂದು ನಾನು ವಿಚಾರ ಮಾಡಲಿಲ್ಲ.

ನಮ್ಮ ಓಣಿಯಿಂದ ಪ್ರತಿವರ್ಷ ಯುಗಾದಿಗೆ ಮುಂಚೆ ಒಂದು ಗುಂಪು ಶ್ರೀಶೈಲಕ್ಕೆ ನಡೆದು ಹೋಗುತ್ತದೆ. ಮುಂದೆ ಶ್ರೀಶೈಲದ ಮಲ್ಲಯ್ಯನ ಕಂಬಿಯನ್ನು, ಅಲಂಕರಿಸಿದ ಕಾವಡಿಯನ್ನು, ಹೆಗಲ ಮೇಲೆ ಹೊತ್ತವರು, ಹಿಂದೆ ಉಳಿದವರು. ರೊಟ್ಟಿ, ಶೇಂಗಾ ಚಟ್ನಿ, ಹಾಸಿಗೆ, ಒಲೆ, ಪಾತ್ರೆ ಹೇರಿಕೊಂಡು ಒಂದು ಟೆಂಪೋ ಜೊತೆಗಿರುತ್ತದೆ. ಕಂಬಿ ಯಾರಿಗಾಗಿಯೂ ನಿಲ್ಲುವುದಿಲ್ಲ. ನಡೆಯಲಾರದೆ ಯಾರಾದರೂ ಗಾಡಿ ಹತ್ತಿದರೆ ಆ ವರ್ಷದ ಅವರ ಹರಕೆ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಮತ್ತೆ ಮನೆ ಬಾಗಿಲಿನಿಂದಲೇ ಹೆಜ್ಜೆ ಹಾಕಬೇಕು. ಇದು ನಮ್ಮ ಓಣಿಯವರ ಪದ್ಧತಿ. ಬೇರೆ ಊರವರು ಅಷ್ಟು ಬಿಗಿ ಮಾಡುವುದಿಲ್ಲ.

ಹೆಂಡತಿ ಹರಕೆ ಹೊತ್ತದ್ದು ನಾನು ಗಡಿಯಲ್ಲಿದ್ದ ಕಾಲದಲ್ಲಿ. ನಾನು ಕೈಕಾಲು ಗಟ್ಟಿ ಇಟ್ಟುಕೊಂಡು ಮನೆಗೆ ಬಂದರೆ ನಡೆದು ಬರುತ್ತೇನೆ ಎಂದು. ಮಕ್ಕಳು, ಅತ್ತೆ ಮಾವ, ಹೊಲ ಎಂದು ಅದು ಮುಂದೆ ಮುಂದೆ ಹೋಯಿತು. ಕೊನೆಗೆ ಹೊರಡುವ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮೊದಲ ಸಲ ಹೋದಾಗ ಬಾಗೇವಾಡಿ ದಾಟುವ ಮೊದಲೇ ಬವಳಿ ಬಂದು ಬಿದ್ದಳು. ಸುದ್ದಿ ಬಸ್ಸಿನವರ ಬಾಯಿಂದ ಬಾಯಿಗೆ ಹಾಯ್ದು ನನಗೆ ಮುಟ್ಟಿದ್ದು ಮರುದಿನ. ನಾನು ಜೀಪು ತೆಗೆದುಕೊಂಡು ಹೋಗಿ ಕರೆತಂದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ಹರಕೆಯ ಮಾತನ್ನು ಎರಡು ವರ್ಷ ಎತ್ತಲಿಲ್ಲ.

ಎರಡು ವರ್ಷದ ನಂತರ ಒಂದು ಮುಂಜಾನೆ ಚಹಾದ ಬಟ್ಟಲು ಇಡುತ್ತ ಹೇಳಿದಳು:

"ಈ ಸರ್ತಿ ಹೊಂಟೇನ್ರಿ."

"ಎಲ್ಲಿಗೆ?"

"ಎಲ್ಲಿಗಂತ ಕೇಳ್ತೀರಲ್ಲ. ಮಲ್ಲಯ್ಯನ ಕಡೆ."

"ಸಕ್ಕರಿ ಐತಿ ನಿನಗ."

"ಸಕ್ಕರಿ ಇದ್ದೋರು ನಡೀಬೇಕಂತ ಡಾಕ್ಟರೇ ಹೇಳ್ಯಾರ."

"ಅವರು ಹೇಳಿದ್ದು ಬಸ್‌ಸ್ಟ್ಯಾಂಡ್ ತನಕಾ."

"ಬಸ್‌ಸ್ಟ್ಯಾಂಡ್ ದಾಟಿ ಸ್ವಲ್ಪ ಮುಂದ" ಎಂದಳು.

ನಾನು ಷರತ್ತು ಹಾಕಿದೆ. ಟೆಂಪೋದ ಮೇಲೆ ನನ್ನ ಡಬ್ಬಿ ಇರಬೇಕು. ಟೆಂಪೋ ಪ್ರತಿದಿನ ಹಾಕಿಕೊಂಡ ಕ್ರಮದಲ್ಲಿ ಮುಂದೆ ಹೋಗಿ, ನಿಂತು, ಅಡುಗೆ ಮಾಡಿ, ಮತ್ತೆ ಮುಂದೆ ಹೋಗಬೇಕು. ಅದು ಒಂದೇ ಜಾಗದಲ್ಲಿ ಮುಂಜಾನೆಯಿಂದ ಊಟದ ಹೊತ್ತು ಕಳೆಯುವವರೆಗೆ ನಿಂತಿತೆಂದರೆ ಏನೋ ಆಗಿದೆ ಎಂದು ತಿಳಿದು ನಾನು ಬರುತ್ತೇನೆ. ಬಂದರೆ ಕರೆದುಕೊಂಡೇ ಹೋಗುತ್ತೇನೆ. ಮರುಮಾತಿಲ್ಲ.

ಅವಳು ಖಾಲಿ ಬಟ್ಟಲು ಎತ್ತಿಕೊಳ್ಳುತ್ತ, "ಟೆಂಪೋ ನಿಂತ್ರ ಅಷ್ಟ?" ಎಂದು ಕೇಳಿದಳು.

"ಟೆಂಪೋ ನಿಂತ್ರ."

"ಆತು."

ಹೊರಡುವ ಹಿಂದಿನ ಸಂಜೆ ಟೆಂಪೋಕ್ಕೆ ಡಬ್ಬಿ ಕಟ್ಟಿದೆ. ಡ್ರೈವರ್ ನಮ್ಮ ಓಣಿಯವನೇ, ಮಾತುಗಾರ. ಟಾಪಿನ ಮೇಲೆ ಚಿಕ್ಕ ಆ್ಯಂಟೆನಾ ಕೂರಿಸುವುದನ್ನು ನೋಡುತ್ತ ಕೇಳಿದ: "ಸುಭೇದಾರ್ರ, ಇದು ನಾ ಎಲ್ಲಿ ಬೀಡಿ ಸೇದಾಕ ನಿಂತೇನಿ ಅಂತನೂ ಹೇಳತೈತೇನ್ರಿ?"

"ಹೇಳತೈತಿ."

"ನಮ್ಮನಿಯಾಕಿಗೆ ಇದರ ಸುದ್ದಿ ಹೇಳಬ್ಯಾಡ್ರಿ ಮತ್ತ."

ಅವನಿಗೆ ಒಂದೇ ಸೂಚನೆ ಕೊಟ್ಟೆ. ಕಡ್ಡಿ ಆ್ಯಂಟೆನಾ ಹೇಗಿದ್ದರೂ ನಡೆಯುತ್ತದೆ, ಈ ಚಿಕ್ಕದಕ್ಕೆ ಮಾತ್ರ ಆಕಾಶ ಕಾಣಬೇಕು, ಮೇಲೆ ಏನೂ ಹೇರಬೇಡ ಎಂದೆ. ಹೆಂಡತಿ ಗಂಟು ಇಡುತ್ತ ಪಕ್ಕದಲ್ಲೇ ಇದ್ದಳು.

ಡಬ್ಬಿಯೊಳಗೆ ನಾನು ಇನ್ನೊಂದು ಏರ್ಪಾಡು ಮಾಡಿದ್ದೆ. ಒಂದು ವೇಳೆ ಸೇತುವೆ, ಗಿಡದ ನೆರಳು ಅಡ್ಡ ಬಂದು ಉಪಗ್ರಹ ಸಿಗದೆ ಹೋದರೆ ಡಬ್ಬಿ ಸುಮ್ಮನಾಗಬಾರದು. ಕೊನೆಗೆ ಗೊತ್ತಿದ್ದ ಜಾಗವನ್ನೇ ಮತ್ತೆ ಮತ್ತೆ ಹೇಳಬೇಕು. ಸೈನ್ಯದಲ್ಲಿ ಪ್ರತಿಯೊಂದು ಠಾಣೆಯೂ ಹೊತ್ತಿಗೆ ಸರಿಯಾಗಿ ವರದಿ ಕೊಡಬೇಕು. ಹೊಸದೇನೂ ಇಲ್ಲದಿದ್ದರೆ ಹಳೆಯದನ್ನೇ ಹೇಳಬೇಕು. ಮೌನವಾಗಿರುವ ಠಾಣೆ ಬಿದ್ದುಹೋದ ಠಾಣೆ ಎಂದು ಲೆಕ್ಕ. ಈ ಏರ್ಪಾಡಿನ ವಿಷಯ ನಾನು ಮನೆಯಲ್ಲಿ ಯಾವತ್ತೂ ಆಡಿರಲಿಲ್ಲ.

ಮೊದಲ ಎರಡು ದಿನ ಎಲ್ಲ ಶಿಸ್ತಿನಲ್ಲಿ ನಡೆಯಿತು. ಚುಕ್ಕಿ ಒಂದು ಜಿಗಿತ ಜಿಗಿದು ನಿಲ್ಲುತ್ತಿತ್ತು. ನಡೆಯುವವರು ಬಂದು ಮುಟ್ಟುವವರೆಗೆ ಅಲ್ಲೇ ಇರುತ್ತಿತ್ತು. ಊಟವಾದ ಮೇಲೆ ಮತ್ತೊಂದು ಜಿಗಿತ. ನಾನು ನಿಂಬೆಗಿಡಕ್ಕೆ ನೀರು ಬಿಡುವಾಗಲೂ ಕಿಟಕಿಯಿಂದ ಒಗ್ಗರಣೆ ಕೇಳಿಸುತ್ತಿತ್ತು. ಸಿಂದಗಿಯವನ ಅಂಗಡಿಯಲ್ಲೂ ಕಂಪ್ಯೂಟರ್ ಇತ್ತು. ಅವನೂ ನೋಡುತ್ತಿದ್ದ.

"ಸುಭೇದಾರ್ರ, ವೈನಿಯವ್ರು ಹಿಪ್ಪರಗಿ ದಾಟಿದ್ರ ನೋಡ್ರಿ. ಓವರ್."

"ದಾಟಿದ್ದು ಟೆಂಪೋ. ಅವರು ಹಿಂದ ಅದಾರ. ಓವರ್."

"ನಿಮಗ ಹೆಂಡ್ತಿನೂ ಒಂದ, ಟೆಂಪೋನೂ ಒಂದ ಅಂತ ತಿಳಕೊಂಡಿದ್ದೆ. ಓವರ್."

ನಾನು ಸೆಟ್ಟಿನ ದನಿ ತಗ್ಗಿಸಿ ಹಿತ್ತಲಿಗೆ ಹೋದೆ.

ಮೂರನೆಯ ದಿನ ಮುಂಜಾನೆ ಚುಕ್ಕಿ ಇಂಗಳೇಶ್ವರಕ್ಕೆ ಬಂದು ಕೆರೆಯ ಏರಿಯ ಪಕ್ಕ ನಿಂತಿತು. ನಾನು ನಾಷ್ಟಾ ಮಾಡಿ ಬಂದೆ, ಅಲ್ಲೇ ಇತ್ತು. ತೋಟದ ಕೆಲಸ ಮುಗಿಸಿ ಬಂದೆ, ಅಲ್ಲೇ ಇತ್ತು. ನಡೆಯುವವರು ಅಷ್ಟು ಹೊತ್ತಿಗೆ ಅಲ್ಲಿಗೆ ಬಂದು, ಮುಂದೆಯೂ ಹೋಗಿರಬೇಕು. ಊಟಕ್ಕೆ ಕುಳಿತೆ, ರೊಟ್ಟಿ ಮುರಿಯುವಾಗ ಒಗ್ಗರಣೆ ಬಿತ್ತು, ಎದ್ದು ನೋಡಿದೆ. ಇಂಗಳೇಶ್ವರ. ಅದೇ ಏರಿ.

ಊಟದ ಹೊತ್ತು ಕಳೆಯಿತು. ಕರಾರು ಕರಾರು. ಬಾಗೇವಾಡಿ ಡಾಕ್ಟರನ್ನು ಕರೆದೆ. ಇಂಗಳೇಶ್ವರ ಅವರಿಗೆ ಹತ್ತಿರ. ದವಾಖಾನೆಯಲ್ಲಿ ರೋಗಿಗಳಿದ್ದರು, ಆದರೂ ಸ್ಕೂಟರ್ ಹತ್ತಿ ಹೋಗಿ ನೋಡುತ್ತೇನೆ ಎಂದರು. ನಾನು ಇನ್ಸುಲಿನ್, ಗ್ಲೂಕೋಸ್ ಪುಡಿ, ನೀರಿನ ಬಾಟಲಿ, ಕ್ಯಾನ್ವಾಸ್ ಚೀಲ ಮೋಟರ್‌ಸೈಕಲ್ಲಿಗೆ ಕಟ್ಟಿದೆ. ಕೈರೇಡಿಯೊವನ್ನು ಎದೆಗೆ ಸಿಕ್ಕಿಸಿಕೊಂಡು ಮನೆಗೆ ಕೀಲಿ ಹಾಕಿ ಹೊರಟೆ. ಕಾಯಿಲೆಯ ಹೆಂಡತಿಯನ್ನು ಮೋಟರ್‌ಸೈಕಲ್ ಹಿಂದೆ ಕೂರಿಸಿ ತರುವುದಾಗುವುದಿಲ್ಲ. ಬಾಗೇವಾಡಿಯಲ್ಲಿ ಜೀಪು ಹಿಡಿಯುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ದಾರಿಯಲ್ಲಿ ಬಿಸಿಲು ಜೋರಾಗಿತ್ತು. ರೈತರು ರಸ್ತೆಯ ತುಂಬ ಕಡಲೆ ಗಿಡ ಹಾಸಿದ್ದರು. ಗಾಡಿಗಳು ಅದರ ಮೇಲೆ ಹಾಯ್ದು ಕಾಳು ಬಿಡಿಸಿಕೊಡಲಿ ಎಂದು. ಅದರ ಮೇಲೆ ನಿಧಾನಕ್ಕೆ ಹೋಗುತ್ತಿರುವಾಗ ಡಾಕ್ಟರ ದನಿ ಬಂತು.

"ಸುಭೇದಾರ್ರ, ನಾ ಇಂಗಳೇಶ್ವರ ಕೆರಿ ಏರಿ ಮ್ಯಾಲ ಅದೇನಿ. ನಿಮ್ಮ ಚುಕ್ಕಿ ಇದ್ದ ಜಾಗಾದಾಗ ಒಂದ ಎಮ್ಮಿ ಕಟ್ಯಾರ. ಟೆಂಪೋ ಇಲ್ಲ. ಓವರ್."

"ಸರಿಯಾಗಿ ನೋಡ್ರಿ. ಓವರ್."

"ಎಮ್ಮಿ ಮತ್ತು ಟೆಂಪೋ ಗುರ್ತ ಹಿಡೀಲಾರದಷ್ಟು ಕಣ್ಣು ಹೋಗಿಲ್ಲ ನಂದು. ಓವರ್."

"ಊರಾಗ ಕೇಳ್ರಿ. ಓವರ್."

"ಕೇಳ್ದೆ. ಮುಂಜಾನಿ ಬಂದಿದ್ರಂತ, ಮಜ್ಜಿಗಿ ಕುಡದು ಹೋದ್ರಂತ. ಯಾ ದಾರಿಗೆ ಅಂತ ಒಬ್ಬೊಬ್ರು ಒಂದೊಂದ ದಿಕ್ಕ ತೋರಸ್ತಾರ. ಓವರ್."

ನಾನು ಗಾಡಿಯನ್ನು ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಸಿಂದಗಿಯವನನ್ನು ಕರೆದು ಪರದೆ ನೋಡಲು ಹೇಳಿದೆ. ಚುಕ್ಕಿ ಅಲ್ಲೇ ಇದೆ ಎಂದ. ಅಂಕಿ ಓದು ಎಂದೆ. ಓದಿದ. ಮುಂದಿನ ಒಗ್ಗರಣೆ ಬಿದ್ದಾಗ ಮತ್ತೆ ಓದು ಎಂದೆ. ಮತ್ತೆ ಓದಿದ. ಕೊನೆಯ ಅಂಕಿಯವರೆಗೆ ಅದೇ.

ಆಗ ತಿಳಿಯಿತು. ನಿಂತ ಗಾಡಿಯ ಚುಕ್ಕಿ ಪೂರ್ತಿ ನಿಲ್ಲುವುದಿಲ್ಲ. ಹಗ್ಗದಲ್ಲಿ ಕಟ್ಟಿದ ಕರುವಿನ ಹಾಗೆ ನಾಲ್ಕು ಮಾರು ಆಚೆ ಈಚೆ ಆಡುತ್ತಲೇ ಇರುತ್ತದೆ. ಉಪಗ್ರಹದ ಲೆಕ್ಕ ಪ್ರತಿಸಲ ತುಸು ತಪ್ಪುತ್ತದೆ, ಅದಕ್ಕೆ. ಇದು ಕೂದಲೆಳೆಯಷ್ಟೂ ಆಡುತ್ತಿರಲಿಲ್ಲ. ಅಂದರೆ ಡಬ್ಬಿಗೆ ಆಕಾಶ ಕಾಣುತ್ತಿಲ್ಲ, ಮುಂಜಾನೆಯ ಜಾಗವನ್ನೇ ಹೇಳುತ್ತಿದೆ, ನಾನು ಹೇಳಿಕೊಟ್ಟಂತೆ. ಟೆಂಪೋ ಬೇರೆ ಎಲ್ಲೋ ಇದೆ.

ದಿಕ್ಕು ತಿಳಿಯುವ ಹಳೆಯ ಉಪಾಯ ಒಂದಿತ್ತು. ಡಾಕ್ಟರಿಗೆ ಹೇಳಿದೆ: ಕೈರೇಡಿಯೊವನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ನಿಧಾನ ತಿರುಗಿ. ನಮ್ಮ ಮೈ ಸಂಕೇತವನ್ನು ತಡೆಯುತ್ತದೆ. ಒಗ್ಗರಣೆ ಯಾವ ಕಡೆ ತಿರುಗಿದಾಗ ತೀರ ಸಣ್ಣದಾಗಿ ಕೇಳಿಸುತ್ತದೋ ಆಗ ಗಾಡಿ ನಿಮ್ಮ ಬೆನ್ನ ಹಿಂದೆ ಇರುತ್ತದೆ.

ಒಗ್ಗರಣೆ ಮೂರು ನಾಲ್ಕು ಸಲ ಬಿತ್ತು. ಆಮೇಲೆ ಡಾಕ್ಟರು: "ಸುಭೇದಾರ್ರ, ಏರಿ ಮ್ಯಾಲ ಜನ ಕೂಡ್ಯಾರ. ಬಾಗೇವಾಡಿ ಡಾಕ್ಟರಗ ಏನೋ ಬಡದೈತಿ ಅಂತ ಮಾತಾಡಾಕತ್ತಾರ. ಇದರ ಮ್ಯಾಲ ಯಾವಾತ ನನ್ನ ಕಡೆ ಔಷಧಕ್ಕ ಬರ್ತಾನ್ರಿ? ಓವರ್."

"ಬೆನ್ನು ಯಾವ ಕಡೆ ಐತಿ? ಓವರ್."

"ದಕ್ಷಿಣಕ್ಕ. ನಮ್ಮೂರ ಕಡೆನ. ಆದ್ರ ನಾ ಡಾಂಬರ್ ರಸ್ತಾದ ಮ್ಯಾಲ ಬಂದೇನಿ, ಟೆಂಪೋ ಎದುರಿಗೆ ಸಿಗಲಿಲ್ಲ. ಹೊಲದಾಗಿಂದ ಒಂದ ಹಳೇ ಬಂಡಿ ದಾರಿ ಐತಿ, ಅದರಾಗ ಹೋಗ್ಯಾರೇನೋ. ಓವರ್."

ನನ್ನ ನಕಾಶೆಯಲ್ಲಿ ಆ ಬಂಡಿ ದಾರಿ ಇರಲಿಲ್ಲ. ಅದರಲ್ಲಿ ನಾನು ಯಾವತ್ತೂ ಗಾಡಿ ಓಡಿಸಿರಲಿಲ್ಲ. ಆ ದಾರಿಯಲ್ಲೇ ಹೋದೆ.

ಹೊತ್ತು ಇಳಿಯುವ ಮೊದಲು ಟೆಂಪೋ ಕಂಡಿತು. ಕಪ್ಪು ಮಣ್ಣಿನ ನಡುವೆ ಮೊದಲ ಗೇರಿನಲ್ಲಿ, ಎತ್ತಿನ ಬಂಡಿಗಿಂತ ನಿಧಾನಕ್ಕೆ ಹೋಗುತ್ತಿತ್ತು. ಅದರ ಹಿಂದಿನ ಕೊಂಡಿಗೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು ಹೆಂಡತಿ ಕುಂಟುತ್ತ ನಡೆಯುತ್ತಿದ್ದಳು. ಕಂಬಿ ಮತ್ತು ಉಳಿದವರು ತುಂಬ ಮುಂದೆ ಹೋಗಿದ್ದರು. ಟೆಂಪೋದ ಟಾಪಿನ ಮೇಲೆ ದೊಡ್ಡದೊಂದು ಜರ್ಮನ್ ಪಾತೇಲಿ, ಅನ್ನ ಬೇಯಿಸುವ ಅಲ್ಯೂಮಿನಿಯಂ ಪಾತ್ರೆ, ಬೋರಲು ಬಿದ್ದಿತ್ತು. ನನ್ನ ಆ್ಯಂಟೆನಾ ಅದರ ಕೆಳಗೆ.

ನನ್ನನ್ನು ಕಂಡು ಡ್ರೈವರ್ ನಿಲ್ಲಿಸಿ ಇಳಿದ.

"ಮ್ಯಾಲ ಏನೂ ಹೇರಬ್ಯಾಡಂತ ಹೇಳಿದ್ದಿಲ್ಲೇನು?" ಎಂದೆ.

"ಹೇರಿಲ್ರಿ, ಮುಚ್ಚೇನಿ. ಡಬ್ಬಿಗೆ ಬಿಸಲ ಬಡದು ಸುಟ್ಟಹೋಗತೈತಿ, ಪಾತೇಲಿ ಬೋರಲ ಹಾಕು ಅಂತ ಅಕ್ಕಾರ ಹೇಳಿದ್ರು. ನಿಮ್ಮ ಮನಿಯವರ ಅಲ್ರಿ, ಅವರಿಗೆ ಗೊತ್ತಿಲ್ದ ಇರತೈತೇನು?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಹಗ್ಗ ಬಿಟ್ಟಿರಲಿಲ್ಲ.

"ನೀವ್ಯಾಕ ಬಂದ್ರಿ?" ಎಂದಳು.

"ಚುಕ್ಕಿ ನಿಂತಿತ್ತು. ಇಂಗಳೇಶ್ವರದಾಗ, ಮುಂಜಾನಿಯಿಂದ."

"ನಿಂತಿತ್ತಾ?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಮುಚ್ಚಿದ್ರ ಏನೂ ಕಾಣಸೂದಿಲ್ಲ ಅಂತ ತಿಳಕೊಂಡಿದ್ದೆ. ರೇಡಿಯೊ ಮುಟ್ಟೂದಿಲ್ಲ ಇಲ್ಲಿ ಅಂತ ಸುಮ್ನಾಗ್ತೀರಿ ಅಂತ."

"ಯಾಕ ಮುಚ್ಚಿಸಿದಿ?"

"ಸಾಸಿವಿಕಾಳು ಬೀಳ್ತಿತ್ತಲ್ರಿ" ಎಂದಳು. "ಟೆಂಪೋ ನನ್ನ ಜೋಡಿ ನಡಿಯಾಕತ್ತಿತ್ತು. ಒಂದ ಒಗ್ಗರಣಿಗೇ ನಿಮಗ ತಿಳೀತಿತ್ತು, ಇಕಿ ಕಾಲು ಕೆಟ್ಟೈತಿ ಅಂತ."

ಇಂಗಳೇಶ್ವರದ ಕೆರೆಯ ಏರಿಯ ಮೇಲೆಯೇ ಜಾಲಿಮುಳ್ಳು ಅಂಗಾಲಿಗೆ ಹೊಕ್ಕಿತ್ತು. ಮುಳ್ಳು ತೆಗೆದಿದ್ದರು, ಗಾಯಕ್ಕೆ ಅರಿಶಿನ ತುಂಬಿ ಅರಿವೆ ಕಟ್ಟಿದ್ದರು. ಗುಂಪು ಕಂಬಿಯ ಹಿಂದೆ ಹೋಗಲೇಬೇಕಿತ್ತು. ಅಡುಗೆಯ ಟೆಂಪೋವನ್ನು ಇವಳ ಜೊತೆ ಬಿಟ್ಟು ಅವರು ಆ ಹೊತ್ತು ಬರೀ ರೊಟ್ಟಿ ಗಂಟು ಹೊತ್ತುಕೊಂಡು ಹೋಗಿದ್ದರು. ಗಾಡಿ ಹತ್ತು ಎಂದು ಡ್ರೈವರ್ ಮೂರು ಸಲ ಅಂದಿದ್ದನಂತೆ. ಹಗ್ಗ ಕಟ್ಟಿಕೊಡು, ಹಿಡಿದು ನಡೆಯುತ್ತೇನೆ ಎಂದಿದ್ದಳಂತೆ. ಹಗ್ಗ ಹಿಡಿದರೆ ಗಾಡಿ ಹತ್ತಿದಂತಾಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದು, ಕಾಲು ನೆಲದ ಮೇಲಿದ್ದರೆ ನಡೆದಂತೆಯೇ ಎಂದು ಹಿರಿಯರು ತೀರ್ಮಾನ ಕೊಟ್ಟು ಹೋಗಿದ್ದರು.

ಸಕ್ಕರೆ ಕಾಯಿಲೆಯವರ ಅಂಗಾಲಿನ ಗಾಯ ಎಂಥದು ಎಂದು ನನಗೆ ಗೊತ್ತಿತ್ತು. ಪಾತೇಲಿ ಎತ್ತಿ ಕೆಳಗಿಟ್ಟೆ. ಡಾಕ್ಟರಿಗೆ ಜಾಗ ಹೇಳಿದೆ. ಅವರು ಬರುವವರೆಗೆ ಡ್ರೈವರ್ ಬದುವಿನ ಮೇಲೆ ಕುಳಿತು ಬೀಡಿ ಹಚ್ಚಿದ, ಮೇಲಿನ ಆ್ಯಂಟೆನಾದ ಕಡೆ ಒಮ್ಮೆ ನೋಡಿದ.

ಡಾಕ್ಟರು ಬಂದು ಗಾಯ ತೊಳೆದು, ಒಳಗೆ ಉಳಿದಿದ್ದ ಮುಳ್ಳಿನ ಮೊನೆ ತೆಗೆದು, ಸೂಜಿ ಹಾಕಿ, ಪಟ್ಟಿ ಕಟ್ಟಿದರು. ಕೀವು ಇನ್ನೂ ಹಿಡಿದಿರಲಿಲ್ಲ.

"ನಾಳಿ ಒಂದ ದಿನ ಕಾಲ ನೆಲಕ್ಕ ಹಚ್ಚೂಹಂಗಿಲ್ಲ" ಎಂದರು. "ನಾಡಿದ್ದ ನೋಡೂಣು."

"ನಾಡಿದ್ದ ಕಂಬಿ ಎಲ್ಲಿರತೈತ್ರಿ ಡಾಕ್ಟರ? ನಾ ಎಲ್ಲಿರತೇನಿ?"

"ಕಾಲು ಇದ್ರ ಮುಂದಿನ ವರ್ಷನೂ ಹೋಗಬಹುದವ್ವಾ."

"ಮುಂದಿನ ವರ್ಷ ಅಂತ ಹೇಳೋರ ಬಾಳ ಮಂದಿ ಅದಾರ" ಎಂದು ಅವಳು ನನ್ನ ಕಡೆ ತಿರುಗಿದಳು. "ಏನ್ರಿ, ಕರಾರ ಏನಿತ್ತು?"

"ಟೆಂಪೋ ನಿಂತ್ರ ಬರ್ತೇನಿ ಅಂತ."

"ನಿಂತಿತ್ತೇನು?"

ನಾನು ಡ್ರೈವರ್ ಕಡೆ ನೋಡಿದೆ. ಅವನು ಬೀಡಿ ಆರಿಸಿ, "ಇಂಗಳೇಶ್ವರ ಬಿಟ್ಟ ಮ್ಯಾಲ ಒಂದ ಸರ್ತಿನೂ ನಿಂತಿಲ್ಲ ಬಿಡ್ರಿ. ಮೊದಲನೇ ಗೇರಿನಾಗ ಡಿಜೆಲ್ ಎಲ್ಲಾ ಕುಡದೈತಿ" ಎಂದ.

"ನಿಂತಿರಲಿಲ್ಲ" ಎಂದೆ.

"ಮತ್ತ?"

ಕರಾರಿನಲ್ಲಿ ಕಾಲಿನ ಮಾತಿರಲಿಲ್ಲ. ಹಾಕಿದವನು ನಾನೇ. ಷರತ್ತು ಮುರಿಯದಿದ್ದರೆ ಕರೆದೊಯ್ಯುವ ಹಕ್ಕು ನನಗಿಲ್ಲ. ನಾನು ಡಾಕ್ಟರನ್ನು ಕೇಳಿದೆ, ಒಂದು ದಿನ ವಿಶ್ರಾಂತಿ ಕೊಟ್ಟು, ದಿನಕ್ಕೆರಡು ಸಲ ಪಟ್ಟಿ ಬದಲಿಸಿ, ಮೆತ್ತನೆಯ ಬೂಟು ಹಾಕಿ, ನಿಧಾನ ನಡೆಸಿದರೆ ಹೇಗೆ? ಅವರು ನನ್ನ ಮುಖ ನೋಡಿ, "ನಡಸೋರ ಯಾರು?" ಎಂದರು.

ನಮ್ಮ ಗುಂಪು ಮುದ್ದೇಬಿಹಾಳದಲ್ಲಿ ಒಂದು ದಿನ ಪೂರ್ತಿ ತಂಗುವುದು ಪದ್ಧತಿ. ಕೃಷ್ಣೆ ದಾಟುವ ಮೊದಲು ಬಟ್ಟೆ ಒಗೆದುಕೊಂಡು, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಅಷ್ಟರೊಳಗೆ ಹೋಗಿ ಕೂಡಿಕೊಂಡರೆ ಸಾಕು. ನಾನು ಲೆಕ್ಕ ಹಾಕಿದೆ. ಆಗುವಂತಿತ್ತು.

ಅವಳು ಹಗ್ಗ ಹಿಡಿದುಕೊಂಡೇ ಬಾಗೇವಾಡಿಯ ದವಾಖಾನೆಯವರೆಗೆ ನಡೆದಳು. ಅಲ್ಲಿಂದ ಟೆಂಪೋವನ್ನು ಗುಂಪಿನ ಕಡೆ ಕಳಿಸಿ, ಡಬ್ಬಿಯನ್ನು ಬಿಚ್ಚಿ ಇಟ್ಟುಕೊಂಡೆ. ಮರುದಿನ ಅವಳು ಡಾಕ್ಟರ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಅವರ ಮನೆಯವರಿಗೆ ಸಂಡಿಗೆ ಇಡುವುದನ್ನು ಹೇಳಿಕೊಡುತ್ತ ಕುಳಿತಳು. ಅದರ ಮರುದಿನ ಐದಕ್ಕೆ ಎದ್ದು, ನಾನು ಹಾಕಿಕೊಂಡು ಬಂದಿದ್ದ ಸೈನ್ಯದ ಕಾಲದ ಕಂದು ಕ್ಯಾನ್ವಾಸ್ ಬೂಟುಗಳಲ್ಲಿ ಅರಳೆ ತುಂಬಿ ಅವಳಿಗೆ ಹಾಕಿದೆ. ನಾನು ಡಾಕ್ಟರ ಚಪ್ಪಲಿ ಹಾಕಿಕೊಂಡೆ. ಮೋಟರ್‌ಸೈಕಲ್ ಅವರ ಅಂಗಳದಲ್ಲಿ ಬಿಟ್ಟೆ.

ಡಬ್ಬಿಯನ್ನೂ ಬ್ಯಾಟರಿಯನ್ನೂ ಕ್ಯಾನ್ವಾಸ್ ಚೀಲದಲ್ಲಿ ಬೆನ್ನಿಗೆ ಹಾಕಿಕೊಂಡೆ. ಚಿಕ್ಕ ಆ್ಯಂಟೆನಾವನ್ನು ಟೋಪಿಯ ಮೇಲೆ ಹೊಲಿದೆ. ಏನಾದರೂ ಆದರೆ ಎಲ್ಲಿಗೆ ಬರಬೇಕೆಂದು ಗೊತ್ತಿರಲಿ ಎಂದು ಡಾಕ್ಟರೇ ಒತ್ತಾಯ ಮಾಡಿದ್ದರು. ಅವಳು ಎಡಗೈಯಲ್ಲಿ ಕೋಲು ಹಿಡಿದು, ಬಲಗೈಯಲ್ಲಿ ನನ್ನ ಚೀಲದ ಪಟ್ಟಿ ಹಿಡಿದಳು. ನಾನು ನನ್ನ ಹೆಜ್ಜೆಯಲ್ಲಿ ನಡೆದರೆ ಪಟ್ಟಿ ಜಗ್ಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಜ್ಜೆ ರೂಢಿಯಾಯಿತು.

ಸಿಂದಗಿಯವನು ಬಿಡಲಿಲ್ಲ.

"ಸುಭೇದಾರ್ರ, ನಿಮ್ಮ ಟೆಂಪೋ ಬಾಳ ಸಾವಕಾಶ ನಡದೈತಿ. ಗೇರ್ ಸಿಕ್ಕೊಂಡೈತೇನ್ರಿ? ಓವರ್."

ಹೆಂಡತಿ ನನ್ನ ಎದೆಯ ಮೇಲಿದ್ದ ರೇಡಿಯೊದ ಗುಂಡಿ ಒತ್ತಿ ಹೇಳಿದಳು: "ಹಳೇ ಗಾಡಿ ಐತಪ್ಪಾ, ಹಿಂಗ ನಡಿಯೂದು."

ಲೈಸೆನ್ಸ್ ಇಲ್ಲ, ಮುಟ್ಟಬೇಡ ಎಂದೆ. ಮಾತು ಮುಗಿಯಿತೆಂದು ಅವಳು ಓವರ್ ಎಂದೂ ಹೇಳಿರಲಿಲ್ಲ. ಅವನು ಆ ಕಡೆ ಬಹಳ ಹೊತ್ತು ಕಾಯ್ದನಂತೆ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮುದ್ದೇಬಿಹಾಳ ಮುಟ್ಟಿದೆವು. ಗುಂಪು ಅಲ್ಲೇ ಇತ್ತು. ಕಂಬಿ ಗೋಡೆಗೆ ಆನಿಸಿತ್ತು. ಪಟ್ಟಿ ಬಿಚ್ಚಿ ನೋಡಿದೆ, ಗಾಯ ಒಣಗುತ್ತ ಬಂದಿತ್ತು. ಟೆಂಪೋಕ್ಕೆ ಮತ್ತೆ ಡಬ್ಬಿ ಕಟ್ಟಲಿಲ್ಲ. ಮುದ್ದೇಬಿಹಾಳದ ಮಾಳಿಗೆಯ ಪೆಟ್ಟಿಗೆಯಿಂದ ಆಚೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

"ಇನ್ನ ಮ್ಯಾಲ ನಿಮಗ ಹೆಂಗ ತಿಳೀತೈತ್ರಿ?" ಎಂದು ಕೇಳಿದಳು.

"ತಿಳಿಯೂದಿಲ್ಲ."

"ಗುಳಿಗಿ ತಗೋತೇನಿ. ಸೂಜಿನೂ ಹಾಕ್ಕೋತೇನಿ. ಪಟ್ಟಿ ಡ್ರೈವರ್ ಕಟ್ತಾನಂತ, ಹೇಳಿಕೊಡ್ರಿ ಅವಗ."

ಹೇಳಿಕೊಟ್ಟೆ. ಮರುದಿನ ನಸುಕಿನಲ್ಲಿ ಅವರು ಹೊರಟರು. ನಾನು ಬಸ್ಸಿನಲ್ಲಿ ಬಾಗೇವಾಡಿಗೆ ಬಂದು, ಚಪ್ಪಲಿ ಕೊಟ್ಟು, ಮೋಟರ್‌ಸೈಕಲ್ ತೆಗೆದುಕೊಂಡು ಇಂಡಿಗೆ ಬಂದೆ.

ಮುಂದಿನ ದಿನಗಳಲ್ಲಿ ಐದಕ್ಕೆ ಏಳುವುದು, ನೀರು ಬಿಡುವುದು, ಆರಕ್ಕೆ ರೇಡಿಯೊ ಎಲ್ಲ ನಡೆಯಿತು. ಪರದೆಯ ಮೇಲೆ ಇಂಗಳೇಶ್ವರದಲ್ಲಿ ಒಂದು ದಪ್ಪ ಚುಕ್ಕಿ, ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಸಾಸಿವೆಕಾಳಿನ ಸಾಲು ಉಳಿದಿತ್ತು. ನಾನು ಅಳಿಸಲಿಲ್ಲ. ಒಗ್ಗರಣೆ ಇರಲಿಲ್ಲ.

ಯುಗಾದಿ ಕಳೆದು ನಾಲ್ಕಾರು ದಿನಕ್ಕೆ ಗುಂಪು ಬಸ್ಸಿನಲ್ಲಿ ಮರಳಿತು. ನಾನು ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅವಳು ಕೊನೆಗೆ ಇಳಿದಳು. ತೆಳ್ಳಗಾಗಿದ್ದಳು, ಬಿಸಿಲಿಗೆ ಕಪ್ಪಾಗಿದ್ದಳು. ಕಾಲಲ್ಲಿ ನನ್ನ ಬೂಟುಗಳೇ ಇದ್ದವು. ಎಡದ ಬೂಟಿನ ಅಟ್ಟೆ ಹರಿದು ಸುತಳಿಯಿಂದ ಕಟ್ಟಿತ್ತು. ನಾನು ಅವಳ ಕೈಯಿಂದ ಗಂಟು ತೆಗೆದುಕೊಂಡೆ.

"ಪೂರ್ತಿ ನಡದಿ ಏನು?" ಎಂದು ಕೇಳಿದೆ.

"ಹತ್ತಿದ್ದು ಇದೊಂದ ಬಸ್ಸ" ಎಂದಳು. "ನಡ್ರಿ ಮನಿಗೆ. ಗಿಡಕ್ಕ ನೀರ ಬಿಟ್ಟೀರೋ ಇಲ್ಲೋ?"